ಹಳೆಯ ಗೇಮ್‌ಗಳ ಮೇಲೆ ಸುಳ್ಳು ಆಪಾದನೆ

ಮಾನ್ಯ ಸಂಪಾದಕರೇ,

ಹಳೆಯ ವಿಡಿಯೊ ಗೇಮ್‌ಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಆ ಕಾಲದ ಆಟಗಳು ಮಂಕಾಗಿದ್ದವು, ತಡವರಿಸುತ್ತಿದ್ದವು ಎಂದು ಲೇಖಕರು ಬರೆದಿದ್ದಾರೆ. ಅವರು ನೋಡಿರುವುದು ಆಟಗಳನ್ನಲ್ಲ, ಅಂತರ್ಜಾಲದಲ್ಲಿ ಬಿದ್ದಿರುವ ವಿಡಿಯೊಗಳನ್ನು ಎಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ. ಪಿಕ್ಚರ್ ಟ್ಯೂಬ್ ಟಿ.ವಿ.ಗಳನ್ನು ರಿಪೇರಿ ಮಾಡಿಯೇ ಬದುಕಿದ ನನಗೆ ಈ ಮಾತು ಸಹಿಸಲಾಗಲಿಲ್ಲ. ನನ್ನಲ್ಲಿರುವ ಸೆಗಾ ಮೆಗಾ ಡ್ರೈವ್ ಮತ್ತು ಸೂಪರ್ ನಿಂಟೆಂಡೊ ಎಂಬ, ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳ ಆಟಗಳನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡುವುದು ಈಗ ನನ್ನ ಬಿಡುವಿನ ಕೆಲಸ.

ಟ್ಯೂಬ್ ಟಿ.ವಿ. ಒಂದು ಚಿತ್ರವನ್ನು ಎರಡು ಕಂತುಗಳಲ್ಲಿ ಬಿಡಿಸುತ್ತಿತ್ತು: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಎರಡೂ ಸೇರಿ ಸುಮಾರು 480. ಆ ಕಾಲದ ಗೇಮ್ ಯಂತ್ರಗಳು ಈ ಪದ್ಧತಿಯನ್ನು ಜಾಣತನದಿಂದ ಮುರಿದವು. ಪ್ರತಿ ಕಂತಿನಲ್ಲೂ ಅದೇ ಗೆರೆಗಳ ಮೇಲೆ ಹೊಸದೊಂದು ಪೂರ್ಣ ಚಿತ್ರ. ಗೆರೆಗಳು ಸುಮಾರು 240 ಮಾತ್ರ, ಆದರೆ ಸೆಕೆಂಡಿಗೆ 60 ಚಿತ್ರಗಳು. ಟಿ.ವಿ. ಸಂಕೇತವನ್ನು ಕಂಪ್ಯೂಟರಿಗೆ ದಾಖಲಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನಗಳಲ್ಲಿ ಬಹಳಷ್ಟಕ್ಕೆ ಇದು ಗೊತ್ತೇ ಆಗುವುದಿಲ್ಲ. ಮಾಮೂಲು ಟಿ.ವಿ. ಸಂಕೇತವೆಂದು ತಿಳಿದು ಎರಡು ಚಿತ್ರಗಳನ್ನು ಹೆಣೆದು ಒಂದು ಮಾಡುತ್ತವೆ. 60 ಇದ್ದದ್ದು 30ಕ್ಕೆ ಇಳಿಯುತ್ತದೆ, ಓಡುವ ಆಕೃತಿಗಳ ಅಂಚಿಗೆ ಬಾಚಣಿಗೆಯಂತೆ ಹಲ್ಲು ಮೂಡುತ್ತದೆ.

ಇದರಿಂದ ಹಾಳಾಗುವುದು ನುಣುಪಷ್ಟೇ ಅಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್, ಅಂದರೆ ಹೊರದೇಶಗಳವರ ಎನ್‌ಇಎಸ್, ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್‌ಗಳನ್ನು, ಅಂದರೆ ಪಾತ್ರ, ಶತ್ರುಗಳಂಥ ಚಲಿಸುವ ಪುಟ್ಟ ಆಕೃತಿಗಳನ್ನು, ತೋರಿಸಲಾರದು. ಒಂಬತ್ತನೆಯದು ಮಾಯ. ಅದಕ್ಕೆ ಪ್ರೋಗ್ರಾಮರ್‌ಗಳು ಸರದಿ ಹಾಕಿದರು: ಈ ಚಿತ್ರದಲ್ಲಿ ಇವನು, ಮುಂದಿನದರಲ್ಲಿ ಅವನು. ಟ್ಯೂಬಿನ ಮೇಲೆ ಎಲ್ಲರೂ ತುಸು ಮಿನುಗುತ್ತಾ ಕಾಣುತ್ತಿದ್ದರು. ಎಷ್ಟೋ ಆಟಗಳ ನೆರಳುಗಳೂ ಇದೇ ಉಪಾಯದವು. ಒಂದು ಚಿತ್ರದಲ್ಲಿ ಉಂಟು, ಮುಂದಿನದರಲ್ಲಿ ಇಲ್ಲ, ಕಣ್ಣಿಗೆ ಅರೆಪಾರದರ್ಶಕ. 60ನ್ನು 30ಕ್ಕೆ ಇಳಿಸಲು ಚಿತ್ರ ಬಿಟ್ಟು ಚಿತ್ರ ದಾಖಲಿಸಿದರೆ ಆ ನೆರಳು ಇಡೀ ಹೊತ್ತು ಕಪ್ಪು ಮಚ್ಚೆಯಾಗಿ ಕೂರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಆಟಗಾರ ಬರಿಗಾಳಿಯ ಮೇಲೆ ಏಕೆ ಹಾರಿದ ಎಂದು ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ. ಶತ್ರು ಅಲ್ಲಿದ್ದ, ಸ್ವಾಮಿ. ರೆಕಾರ್ಡಿಂಗ್ ಅವನನ್ನು ನುಂಗಿಹಾಕಿದೆ.

ಕೇಬಲ್ ವಿಚಾರದಲ್ಲಿ ನನ್ನ ಅಭಿಪ್ರಾಯ ಹವ್ಯಾಸಿಗಳಲ್ಲಿ ಅನೇಕರಿಗೆ ಹಿಡಿಸುವುದಿಲ್ಲ. ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್‌ನಲ್ಲಿ ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಂಚುಗಳಲ್ಲಿ ಚುಕ್ಕೆಗಳು ಹರಿದಾಡುತ್ತವೆ. ಎಸ್-ವಿಡಿಯೊ ಅವೆರಡನ್ನು ಬೇರ್ಪಡಿಸುತ್ತದೆ, ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತಂತಿಯಲ್ಲಿ ತರುವ ಆರ್‌ಜಿಬಿ ಇನ್ನೂ ಸ್ವಚ್ಛ. ಒಪ್ಪಿದೆ. ಆದರೆ 1991ರ ‘ಸಾನಿಕ್ ದಿ ಹೆಜ್‌ಹಾಗ್’ ಆಟದ ಜಲಪಾತವನ್ನು ಮೆಗಾ ಡ್ರೈವ್‌ನಿಂದ ಆರ್‌ಜಿಬಿಯಲ್ಲಿ ತೆಗೆದು ನೋಡಿ: ನೀರಿನ ಜಾಗದಲ್ಲಿ ಉದ್ದುದ್ದ ಪಟ್ಟಿಗಳು. ಅವನ್ನು ಕಲಸಿ ಪಾರದರ್ಶಕ ನೀರಾಗಿಸುತ್ತಿದ್ದುದು ನಾವು ಹೀಗಳೆಯುವ ಅದೇ ಹಳದಿ ಕೇಬಲ್. ಹಾಗಾಗಿ ಮೆಗಾ ಡ್ರೈವ್ ಆಟಗಳನ್ನು ನಾನು ಎರಡೂ ಬಗೆಯಲ್ಲಿ ತೆಗೆದಿಡುತ್ತೇನೆ.

ಇನ್ನು ಅಗಲ. ಸೂಪರ್ ನಿಂಟೆಂಡೊ ಬಹುತೇಕ ಆಟಗಳಲ್ಲಿ ಕೊಡುವುದು 256×224 ಬಿಂದುಗಳ ಚಿತ್ರ. ಅದನ್ನು ಜನ ನೋಡಿದ್ದು 4:3 ಪರದೆಯ ಮೇಲೆ. 16:9ಕ್ಕೆ ಎಳೆದರೆ ಚಕ್ರಗಳೆಲ್ಲ ಚಪ್ಪಟೆ. ನಿಮ್ಮ ಲೇಖನದ ಜೊತೆಗಿದ್ದ ಚಿತ್ರವೂ ಹಾಗೆ ಎಳೆದದ್ದೇ. ವೇಗದ ಮಾತಿಗೆ ಬಂದರೆ, ಯುರೋಪಿನ 50 ಹರ್ಟ್ಸ್ ಯಂತ್ರಗಳಲ್ಲಿ, ಅಂದರೆ ಸೆಕೆಂಡಿಗೆ 50 ಚಿತ್ರ ಕೊಡುವವುಗಳಲ್ಲಿ ಮಾತ್ರ, ಅನೇಕ ಆಟಗಳು ನಿಜಕ್ಕೂ ಸುಮಾರು ಶೇ 17ರಷ್ಟು ನಿಧಾನ.

ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್ ಇರುವಾಗ ಇಷ್ಟು ತಾಪತ್ರಯ ಏಕೆ ಎಂದು ಮಗ ಕೇಳುತ್ತಾನೆ. ಎಮ್ಯುಲೇಟರ್ ಸರಿಯಿದೆಯೇ ಎಂದು ಒರೆಗೆ ಹಚ್ಚುವುದು ಅಸಲಿ ಯಂತ್ರದ ಎದುರಿಗೆ ಇಟ್ಟೇ ಅಲ್ಲವೇ? ಅಲ್ಲದೆ ಆಟಗಳೇ ಸಿಗದಂತಾಗಿವೆ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಜಪಾನಿನಲ್ಲಿ 1995ರಿಂದ 2000ದವರೆಗೆ ‘ಸ್ಯಾಟೆಲ್ಲಾವ್ಯೂ’ ಸೇವೆಯ ಮೂಲಕ ಸೂಪರ್ ಫ್ಯಾಮಿಕಾಮ್‌ಗೆ (ಸೂಪರ್ ನಿಂಟೆಂಡೊಗೆ ಅಲ್ಲಿನ ಹೆಸರು) ಉಪಗ್ರಹದಿಂದ ಆಟಗಳು ಪ್ರಸಾರವಾಗುತ್ತಿದ್ದವು. ಕೆಲವಕ್ಕೆ ನಟರ ಧ್ವನಿ ನೇರವಾಗಿ ಗಾಳಿಯಲ್ಲೇ ಬರುತ್ತಿತ್ತು, ಯಂತ್ರದಲ್ಲಿ ಉಳಿಯುತ್ತಿರಲಿಲ್ಲ. ಇಂದು ಅದು ಕೇಳಸಿಗುವುದು ಆಗ ಮನೆಯಲ್ಲಿ ಟೇಪಿಗೆ ರೆಕಾರ್ಡ್ ಮಾಡಿಕೊಂಡವರ ದಯೆಯಿಂದ.

ಹಳೆಯ ಯಂತ್ರ ಇರುವ ಓದುಗರು ದಯವಿಟ್ಟು 240 ಗೆರೆಗಳ ಸಂಕೇತವನ್ನು ಗುರುತಿಸಬಲ್ಲ ಪರಿವರ್ತಕವನ್ನೇ ಕೊಳ್ಳಿ, ಸೆಕೆಂಡಿಗೆ 60 ಚಿತ್ರಗಳನ್ನೂ ದಾಖಲಿಸಿ. ಯಾವ ಯಂತ್ರ, ಯಾವ ಕೇಬಲ್, 50 ಹರ್ಟ್ಸೋ 60 ಹರ್ಟ್ಸೋ ಎಂಬುದನ್ನು ವಿಡಿಯೊ ಜೊತೆಗೇ ಬರೆದಿಡಿ. ಅಂತರ್ಜಾಲಕ್ಕೆ ಏರಿಸಿದ ಮೇಲೂ ಮೂಲ ಕಡತವನ್ನು ಅಳಿಸಬೇಡಿ. ವಿಡಿಯೊ ತಾಣಗಳು ಅದನ್ನು ಮತ್ತೊಮ್ಮೆ ಹಿಂಡಿಯೇ ತೋರಿಸುತ್ತವೆ.

— ನಿವೃತ್ತ ಟಿ.ವಿ. ರಿಪೇರಿಗಾರ