ವಂಕಿ ಹಾಕಿಸಿಕೊಂಡವರ ಮಾತೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಜನಸಂಖ್ಯೆಯ ಚರ್ಚೆ ಎದ್ದಾಗಲೆಲ್ಲ, ಸಂತಾನ ನಿಯಂತ್ರಣಕ್ಕೆಂದು ಅಮೆರಿಕದ ರಾಕ್‌ಫೆಲರ್, ಫೋರ್ಡ್ ಪ್ರತಿಷ್ಠಾನಗಳು ಸುರಿದ ಹಣವನ್ನು ಕೆಲವರು ಉಪಕಾರವೆಂದೂ ಕೆಲವರು ಹುನ್ನಾರವೆಂದೂ ಬಣ್ಣಿಸುತ್ತಾರೆ. ಆ ಹಣ ಯಾರನ್ನು ಏನು ಕೇಳಿತು, ಏನನ್ನು ಕೇಳದೆ ಬಿಟ್ಟಿತು ಎಂಬುದು ಈ ಜಗಳದಲ್ಲಿ ಮರೆಯಾಗುತ್ತಿದೆ.

ಸಂತಾನ ನಿಯಂತ್ರಣದ ವಿಚಾರ ನಮಗೆ ಡಾಲರಿನ ಜೊತೆ ಬಂದದ್ದಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಚಿಕಿತ್ಸಾಲಯ ತೆರೆಯಲು ಆದೇಶಿಸಿತ್ತು. ಮೂರನೆಯ ಜಾನ್ ಡಿ. ರಾಕ್‌ಫೆಲರ್ ನ್ಯೂಯಾರ್ಕಿನಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ಎಂಬ ಜನಸಂಖ್ಯಾ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ್ದು 1952ರಲ್ಲಿ. ಕುಟುಂಬದ ಹೆಸರಿನ ಪ್ರತಿಷ್ಠಾನವೇ ಈ ವಿಷಯಕ್ಕೆ ಕೈಹಾಕಲು ಹಿಂಜರಿದದ್ದರಿಂದ ಅವರು ಬೇರೆ ಸಂಸ್ಥೆ ಕಟ್ಟಬೇಕಾಯಿತು. 1954ರಲ್ಲಿ ಫೋರ್ಡ್ ಪ್ರತಿಷ್ಠಾನವೂ ಅದಕ್ಕೆ ನೆರವಾಯಿತು.

ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಹಾರ್ವರ್ಡ್ ಸಂಶೋಧಕರು ಪಂಜಾಬಿನ ಖನ್ನಾ ಸುತ್ತಲಿನ ಹಳ್ಳಿಗಳಲ್ಲಿ 1950ರ ದಶಕದಲ್ಲಿ ನಡೆಸಿದ ಅಧ್ಯಯನವನ್ನು ನಮ್ಮ ಆರೋಗ್ಯಾಧಿಕಾರಿಗಳೆಲ್ಲ ಓದಬೇಕು. ವರ್ಷಗಟ್ಟಲೆ ಮನೆಮನೆಗೆ ಹೋಗಿ, ಗರ್ಭನಿರೋಧಕ ನೊರೆಮಾತ್ರೆ ಹಂಚಿ, ಜನನ ಮರಣಗಳನ್ನು ಶ್ರದ್ಧೆಯಿಂದ ಬರೆದುಕೊಂಡರೂ, ಸಂಶೋಧಕರು ಬಯಸಿದಷ್ಟು ಜನನ ಪ್ರಮಾಣ ಇಳಿಯಲಿಲ್ಲ. ಹೊಲದಲ್ಲಿ ದುಡಿಯಲು ಕೈಗಳು ಬೇಕಾಗಿದ್ದ, ಹುಟ್ಟಿದ ಕೂಸು ಉಳಿಯುತ್ತದೆಂಬ ಭರವಸೆಯಿಲ್ಲದ ಮನೆಗಳಲ್ಲಿ ಮಾತ್ರೆಯಿಂದ ಮಾತ್ರ ಏನಾದೀತು? ಕಲಿಯಬೇಕಾದ ಪಾಠ ಅಲ್ಲೇ ಇತ್ತು.

ಆದರೂ 1965ರಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ಬೆಂಬಲಿಸಿದ ಲಿಪ್ಪಿಸ್ ಲೂಪ್ ಎಂಬ ವಂಕಿಯನ್ನು (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ) ದೇಶದಾದ್ಯಂತ ಆತುರದಿಂದ ತರಲಾಯಿತು. ಹಾಕುವುದಕ್ಕೆ ಗುರಿಗಳಿದ್ದವು, ಹಾಕಿದ ಮೇಲೆ ರಕ್ತಸ್ರಾವವಾದರೆ ನೋಡಿಕೊಳ್ಳುವವರು ಸಾಲುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮಹಿಳೆಯರು ಅದರಿಂದ ದೂರ ಸರಿದರು. ಇಂದು ಲಕ್ಷಾಂತರ ಮಹಿಳೆಯರು ನೆಮ್ಮದಿಯಿಂದ ಬಳಸುವ ಕಾಪರ್ ಟಿ ವಂಕಿ ಕೂಡ ಅದೇ ಕೌನ್ಸಿಲಿನ ಸಂಶೋಧನೆಯ ಫಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಸ್ವತಃ ರಾಕ್‌ಫೆಲರ್ ಅವರು 1974ರ ಬುಕಾರೆಸ್ಟ್ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ, ಹಳೆಯ ದಾರಿಯನ್ನು ಮರುಪರಿಶೀಲಿಸಬೇಕು, ಮಹಿಳೆಯರ ಸ್ಥಾನಮಾನಕ್ಕೆ ಒತ್ತು ಸಿಗಬೇಕು ಎಂದರು. ಅದನ್ನು ಕೇಳಿಸಿಕೊಳ್ಳದ ನಮ್ಮ ಸರ್ಕಾರ ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದಕ್ಕೆ ಯಾವ ಪ್ರತಿಷ್ಠಾನವನ್ನೂ ದೂರಿ ನಾವು ಪಾರಾಗುವಂತಿಲ್ಲ.

ಈ ಪ್ರತಿಷ್ಠಾನಗಳ ಅಧಿಕಾರಿಗಳ ಪತ್ರಗಳು, ವರದಿಗಳು ನ್ಯೂಯಾರ್ಕ್ ರಾಜ್ಯದ ರಾಕ್‌ಫೆಲರ್ ದಾಖಲಾಗಾರದಲ್ಲಿ ಸಂಶೋಧಕರಿಗೆ ಲಭ್ಯವಿವೆ. ಆದರೆ ಅರವತ್ತರ ದಶಕದಲ್ಲಿ ವಂಕಿ ಹಾಕಿಸಿಕೊಂಡ ನಮ್ಮ ಹಳ್ಳಿಗಳ ಹೆಂಗಸರು ಬದುಕಿದ್ದರೆ ಈಗ ಎಂಬತ್ತರ ಆಸುಪಾಸಿನವರು. ನಮ್ಮ ವಿಶ್ವವಿದ್ಯಾಲಯಗಳ ಮಹಿಳಾ ಅಧ್ಯಯನ ವಿಭಾಗಗಳು, ತಡಮಾಡದೆ, ಅವರ ಅನುಭವವನ್ನು ಅವರದೇ ಮಾತಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

– ಓದುಗ, ಧಾರವಾಡ