ಕರಿಯ ಯಾಕೆ ಬೊಗಳಲಿಲ್ಲ

ಕಲಬುರಗಿ

ಪ್ರೀತಿಯ ಮಗಳೇ,

ಇಲ್ಲಿ ಬಿಸಿಲು ಜಾಸ್ತಿಯಾಗಿದೆ. ಶರಣಬಸವೇಶ್ವರ ಗುಡಿಗೂ ಹೊತ್ತು ಮುಳುಗಿದ ಮೇಲೆಯೇ ಹೋಗುತ್ತೇನೆ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಕೂಲರ್ ಮುಂದೆ ಕೂತು, ನೀನು ಬಿಟ್ಟುಹೋದ ಪುಸ್ತಕ ಓದುತ್ತಿದ್ದೇನೆ.

ಮೊದಲು ಸಿಕ್ಕಿದ್ದು ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಅಟ್ ದ ವಿಕರೇಜ್’, 1930ರದ್ದು. ಪಾದ್ರಿಯ ಓದುವ ಕೋಣೆಯಲ್ಲೇ ಹೆಣ! ಕೊಲೆಯ ಕತೆ ಬೇಡವ್ವ ಅಂತ ಇಡುವವಳಿದ್ದೆ. ಕೊಲೆಗಾರನನ್ನು ಪತ್ತೆ ಹಚ್ಚುವ ಮಿಸ್ ಮಾರ್ಪಲ್ ಬಿಡಲಿಲ್ಲ. ಬಂದೂಕಿಲ್ಲ, ಓಡಾಟವಿಲ್ಲ, ತೋಟ ನೋಡಿಕೊಂಡಿರುವ ಮುದುಕಿ. ಊರಿನ ಜನರ ಸ್ವಭಾವ ಗೊತ್ತು, ಅಷ್ಟೇ. ನಮ್ಮವ್ವ ನೆನಪಾದಳು. ಕಟ್ಟೆ ಮೇಲೆ ಕೌದಿ ಹೊಲಿಯುತ್ತಾ ಕೂತರೆ ಇಡೀ ಓಣಿ ಅವಳ ಕಣ್ಣಲ್ಲಿರುತ್ತಿತ್ತು. ಊರ ಉಸಾಬರಿ ನಿನಗ್ಯಾಕೆ ಅಂತ ನಾನು ರೇಗುತ್ತಿದ್ದೆ. ಪಕ್ಕದ ಮನೆಯಲ್ಲಿ ಎರಡು ದಿನದಿಂದ ಒಲೆ ಹೊತ್ತಿಲ್ಲ ಅಂತ ಮೊದಲು ತಿಳಿದದ್ದು ಅವಳಿಗೇ. ಬುತ್ತಿ ಕಟ್ಟಿ ಕಳಿಸಿದವಳೂ ಅವಳೇ. ರೇಗಬಾರದಿತ್ತು.

ಆಮೇಲೆ ಷರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’, 1892ರ ಕತೆ. ರಾತ್ರಿ ಲಾಯದಿಂದ ರೇಸಿನ ಕುದುರೆ ಕಾಣೆಯಾಗುತ್ತದೆ. ಅಲ್ಲೇ ಇದ್ದ ನಾಯಿ ಬೊಗಳುವುದಿಲ್ಲ. ಬಂದವನು ಅದಕ್ಕೆ ಚೆನ್ನಾಗಿ ಗೊತ್ತಿದ್ದವನು ಅಂತ ಹೋಮ್ಸ್ ಅಷ್ಟರಿಂದಲೇ ಹಿಡಿಯುತ್ತಾನೆ. ಅದನ್ನು ಓದಿ ಪುಸ್ತಕ ಮಡಚಿ ಸುಮ್ನೆ ಕೂತೆ.

ಎರಡು ವರ್ಷ ಬಾರದವಳು ದೀಪಾವಳಿಗೆ ಹೇಳದೆ ಬಂದೆಯಲ್ಲ, ಬೆಳಗಿನ ಜಾವ ನಾಲ್ಕಕ್ಕೆ? ನಮ್ಮ ಓಣಿಯ ಕರಿಯ ದಿನಾ ಬರುವ ಹಾಲಿನವನಿಗೂ ಬೊಗಳುತ್ತಾನೆ. ಅವತ್ತು ಸದ್ದೇ ಇಲ್ಲ. ಬಾಗಿಲು ಬಡಿದಾಗ, ನಾಯಿಯೂ ಬೊಗಳಲಿಲ್ಲ, ಯಾರಿರಬಹುದು ಅಂತ ಹೆದರಿಕೊಂಡೇ ತೆಗೆದೆ. ನೋಡಿದರೆ ನೀನು. ನಿನ್ನ ಕಾಲಿಗೆ ಒತ್ತಿಕೊಂಡು ಅವನು. ಆ ಕತೆ ಮೊದಲೇ ಓದಿದ್ದರೆ ಓಡಿ ಬಂದು ತೆಗೆಯುತ್ತಿದ್ದೆ, ಅಲ್ವಾ?

ಈಗ ನಾಯಿ ಇರುವ ಪುಸ್ತಕಗಳನ್ನೇ ಹುಡುಕುತ್ತಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ ಮತ್ತೆ ಓದಿದೆ, ಅದರಲ್ಲಿ ಬರುವ ‘ಕಿವಿ’ ಅನ್ನುವ ನಾಯಿಗಾಗಿಯೇ. ಜ್ಯಾಕ್ ಲಂಡನ್‌ನ ‘ದ ಕಾಲ್ ಆಫ್ ದ ವೈಲ್ಡ್’ ಮಾತ್ರ ಅರ್ಧಕ್ಕೆ ನಿಂತಿದೆ. ಮುದ್ದಿನಿಂದ ಬೆಳೆದ ಬಕ್‌ನನ್ನು ತೋಟದ ಆಳು ಕದ್ದು ಮಾರುತ್ತಾನೆ. ದೊಣ್ಣೆಯಿಂದ ಬಡಿದು ಹಿಮದಲ್ಲಿ ಗಾಡಿ ಎಳೆಯಲು ಹಚ್ಚುತ್ತಾರೆ. ದೊಣ್ಣೆಯ ಆ ಪುಟ ಬಂದಾಗ ಎದ್ದು ಹೋಗಿ ಕರಿಯನಿಗೆ ರೊಟ್ಟಿ ಹಾಕಿ ಬಂದೆ. ಮುಂದೆ ಬಕ್‌ಗೆ ಒಳ್ಳೆಯವರು ಯಾರಾದರೂ ಸಿಗುತ್ತಾರಾ? ಅದೊಂದು ಹೇಳು, ಉಳಿದದ್ದು ನಾನೇ ಓದುತ್ತೇನೆ.

ಕರಿಯನ ಬಾಯಿ ಸುತ್ತ ಬೆಳ್ಳಗಾಗಿದೆ. ಬೇಗ ಬಾ. ಈ ಸಲವೂ ಹೇಳಬೇಡ.

ನಿನ್ನ ಅವ್ವ