ಯೆಜ್ಡಿ ಹೊಗೆಗೆ ಆಯಿಲ್ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕ್‌ಗಳನ್ನು ತಯಾರಿಸಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಇಂಥ ಬೈಕ್ ಈಗಲೂ ಎಷ್ಟೋ ಮನೆಗಳಲ್ಲಿದೆ. ಹೊಗೆ ಕಂಡ ತಕ್ಷಣ ಮಾಲೀಕರು ಪೆಟ್ರೋಲಿಗೆ ಹಾಕುವ ಆಯಿಲ್ ಕಡಿಮೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಜಿಡ್ಡು ಸಿಗುವುದು ಆ ಮಿಶ್ರಣದಿಂದಲೇ. ಲೀಟರ್ ಪೆಟ್ರೋಲಿಗೆ 30–40 ಮಿ.ಲೀ. ಟೂ-ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೇಕೇ ಬೇಕು. ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಸಿಗೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ.

ಮೊದಲು ಗೇರ್ ಆಯಿಲ್ (ಪೆಟ್ರೋಲಿಗೆ ಹಾಕುವುದಲ್ಲ, ಗೇರ್‌ಬಾಕ್ಸಿನಲ್ಲಿರುವ ಬೇರೆ ಆಯಿಲ್) ಮಟ್ಟ ನೋಡಿ. ಹೊರಗೆಲ್ಲೂ ಸೋರದೆ ಅದು ಇಳಿಯುತ್ತಿದ್ದು, ಬಿಳಿ ಹೊಗೆ ದಟ್ಟವಾಗಿದ್ದರೆ ಕ್ಲಚ್ ಬದಿಯ, ಅಂದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ದಂಡದ ಸುತ್ತ ಆಯಿಲ್, ಗಾಳಿ ಒಳನುಗ್ಗದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಎಂದೇ ಲೆಕ್ಕ. ಎಂಜಿನ್ ಆ ಆಯಿಲನ್ನು ಒಳಗೆಳೆದು ಸುಡುತ್ತಿದೆ. ಬಲಗಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಓಡುತ್ತಲೇ ಇರುತ್ತದೆ, ವಿಪರೀತ ಬಿಸಿಯಾಗುತ್ತದೆ. ನನ್ನ ಪ್ರಕಾರ ಹೆಚ್ಚು ಅಪಾಯದ್ದು ಇದೇ, ಹೊಗೆ ಕಾಣದ ಕಾರಣ ಯಾರೂ ಗಮನಿಸುವುದಿಲ್ಲ.

ಎಳೆತ ಕಡಿಮೆಯಾಗಿದ್ದರೆ ಸೈಲೆನ್ಸರಿನ ಒಳಕೊಳವೆಗಳನ್ನು ಬಿಚ್ಚಿ ಕಾರ್ಬನ್ ಕೆರೆದು ತೆಗೆಸಿ. ಎರಡು ಸೈಲೆನ್ಸರಿನದ್ದೂ ಕೆರೆಸಬೇಕು. ಸದ್ದು ಜೋರಾಗಲಿ ಎಂದು ಆ ಒಳಕೊಳವೆಗಳನ್ನು ಕಿತ್ತೆಸೆಯುವುದಂತೂ ತಪ್ಪು: ಟೂ-ಸ್ಟ್ರೋಕ್‌ಗೆ ಸೈಲೆನ್ಸರಿನಿಂದ ಎಂಜಿನ್ ಕಡೆಗೆ ಮರಳುವ ಒತ್ತಡವೂ (ಬ್ಯಾಕ್ ಪ್ರೆಶರ್) ಬೇಕು, ಅಕ್ಕಪಕ್ಕದವರಿಗೆ ನೆಮ್ಮದಿಯೂ ಬೇಕು.

— ಹಳೇ ಬೈಕ್ ಮೆಕ್ಯಾನಿಕ್, ಮೈಸೂರು